ಯಾರದೋ ಅರಮನೆಯಲ್ಲಿ ಅಪ್ಪ ಅಮ್ಮನಿಗೆ ಏನಿದೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಅಪ್ಪ (74) ಮತ್ತು ಅಮ್ಮ (69) ಚನ್ನಗಿರಿ ಹತ್ತಿರದ ಹಳ್ಳಿಯಿಂದ ಮೂರು ತಿಂಗಳಿಗೆ ಬಂದಿದ್ದಾರೆ. ಅಪ್ಪನಿಗೆ ಊರಲ್ಲಿ ಅಡಿಕೆ, ಬಾಳೆ ತೋಟ ಇದೆ. ಅಮ್ಮನಿಗೆ ಮಂಡಿನೋವು. ಹೋದ ತಿಂಗಳು ಇಲ್ಲಿನ ಒಂದು ಹಳೇ ಬಂಗಲೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ಒಂದು ಗಂಟೆಗೇ ಅಮ್ಮ ಸುಸ್ತಾಗಿ ಕೂತುಬಿಟ್ಟರು. ಅಪ್ಪ "ಯಾರದೋ ಮನೆ ಕುರ್ಚಿ ಮೇಜು ನೋಡೋಕೆ ಇಷ್ಟು ದುಡ್ಡಾ?" ಅಂದರು. ಹೊರಗೆ ಬಂದರೆ "ಗಾರ್ಡನ್ ಅಂತೀರಿ, ಬರೀ ಹುಲ್ಲಿದೆಯಲ್ಲ" ಅಂದರು. ಈಗ ಅವರನ್ನು ಚಾಟ್ಸ್‌ವರ್ತ್ ಎಂಬ ದೊಡ್ಡ ಹಳೇ ಅರಮನೆ, ಅದರ ತೋಟ ನೋಡಲು ಕರೆದೊಯ್ಯಬೇಕು ಅಂತ ನನಗೆ ಆಸೆ. ಆದರೆ ಮತ್ತೆ ಹಾಗೇ ಆದರೆ? ನನ್ನ ಗಂಡ ಬೇರೆ "ಇವೆಲ್ಲ ನಮ್ಮ ದೇಶ ದೋಚಿ ಕಟ್ಟಿದ ಮನೆಗಳು, ದುಡ್ಡು ಕೊಟ್ಟು ಯಾಕೆ ನೋಡಬೇಕು?" ಅನ್ನುತ್ತಾರೆ. ಮಕ್ಕಳಿಗೆ 6 ಮತ್ತು 9 ವರ್ಷ. ನಮ್ಮ ಹತ್ತಿರ ನ್ಯಾಷನಲ್ ಟ್ರಸ್ಟ್ (ಇಲ್ಲಿನ ಹಳೇ ಮನೆ, ತೋಟಗಳನ್ನು ನೋಡಿಕೊಳ್ಳುವ ಸಂಸ್ಥೆ) ಸದಸ್ಯರ ಕಾರ್ಡ್ ಇದೆ. ಬುತ್ತಿ ಒಯ್ಯಬಹುದಾ? ಅಮ್ಮನಿಗೆ ನಡೆಯಲು ಆಗುತ್ತದಾ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಅಮ್ಮ ನೆನಪಾದರು. ನಾನು ತೋಟಗಾರಿಕೆ ಓದಿದವನು. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಇಲ್ಲಿನ ಹಳೇ ಎಸ್ಟೇಟುಗಳ ತೋಟಗಳಲ್ಲಿ ದುಡಿದೆ. ಈಗ ಊರಿಂದ ಬಂದ ಹಿರಿಯರನ್ನು ಇಂಥ ಜಾಗಗಳಿಗೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಅಮ್ಮ ಮೊದಲ ಸಲ ಬಂದಾಗ, ಟಿಕೆಟ್ ದುಡ್ಡು ವಸೂಲಾಗಲಿ ಅಂತ ಒಂದು ದೊಡ್ಡ ಬಂಗಲೆಯ ಎಲ್ಲಾ ಕೋಣೆಗಳನ್ನೂ ತೋರಿಸಿದ್ದೆ. ಸಂಜೆ ಕಾರಿನಲ್ಲಿ "ಏನು ಇಷ್ಟ ಆಯ್ತಮ್ಮ?" ಎಂದು ಕೇಳಿದೆ. "ಗೇಟಿನ ಹತ್ತಿರ ಒಂದು ಕಲ್ಲುಬೆಂಚು ಇತ್ತಲ್ಲ, ಅಲ್ಲಿ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತ್ತು" ಅಂದರು. ನಾನು ಕೂರಿಸಿರಲಿಲ್ಲ.

ನಿಮ್ಮ ಪತ್ರದಲ್ಲಿ ಮಂಡಿ, ದುಡ್ಡು, ಊಟ ಎಲ್ಲಾ ಇದೆ. ಆದರೆ ನಿಜವಾದ ಭಯ ಒಂದೇ ಅಲ್ವಾ? ಅಪ್ಪನ ಮುಖ ಮತ್ತೆ ಸಪ್ಪಗಾದರೆ ಏನು ಮಾಡುವುದು ಅಂತ.

ಮೊದಲು ಸುಸ್ತಿನ ವಿಷಯ. ಅಮ್ಮನಿಗೆ ವಯಸ್ಸಾಯಿತು, ಇನ್ನು ಇಂಥದ್ದೆಲ್ಲ ಆಗುವುದಿಲ್ಲ ಅಂತ ನೀವು ತೀರ್ಮಾನ ಮಾಡಿರಬಹುದು. ಅವಸರ ಮಾಡಬೇಡಿ. ಊರಲ್ಲಿ ತೋಟಕ್ಕೆ ಹೋಗಿ ಬರುವ ಹೆಣ್ಣುಮಗಳು ಅವರು. ನಡೆಯುವುದಕ್ಕಿಂತ ಜಾಸ್ತಿ ದಣಿಸುವುದು ನಿಲ್ಲುವುದು. ಬಂಗಲೆಯೊಳಗೆ ಎರಡು ಹೆಜ್ಜೆ ಇಡುತ್ತೇವೆ, ನಿಲ್ಲುತ್ತೇವೆ, ಕತ್ತೆತ್ತಿ ನೋಡುತ್ತೇವೆ, ಮತ್ತೆ ಎರಡು ಹೆಜ್ಜೆ. ಕೆಳಗೆ ತಣ್ಣನೆ ಕಲ್ಲಿನ ನೆಲ. ಕೂರೋಣ ಅಂದರೆ ಕಾಣುವ ಕುರ್ಚಿಗಳೆಲ್ಲ ಮುಟ್ಟಬಾರದ ಕುರ್ಚಿಗಳು. ಮಂಡಿನೋವು ಇಲ್ಲದವರಿಗೂ ಒಂದು ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಅದೇ ಅಮ್ಮ ಹೊರಗಿನ ಗಾಳಿಯಲ್ಲಿ, ತಮ್ಮದೇ ವೇಗದಲ್ಲಿ, ನಡುವೆ ನಾಲ್ಕು ಸಲ ಕೂತು ಒಂದು ಮೈಲಿ ಆರಾಮಾಗಿ ನಡೆಯಬಹುದು.

ಒಳಗಿನ ಕತ್ತಲೆ ಕೂಡ ಮನಸ್ಸನ್ನು ಕುಗ್ಗಿಸುತ್ತದೆ. ಎಷ್ಟೋ ಹಿರಿಯರು ನನ್ನನ್ನು ಕೇಳಿದ್ದಾರೆ, ಇಷ್ಟು ದೊಡ್ಡ ಮನೆ, ಕಿಟಕಿ ಪರದೆ ಯಾಕೆ ಇಳಿಬಿಟ್ಟಿದ್ದಾರೆ ಅಂತ. ಹಳೇ ರೇಷ್ಮೆ, ಜಮಖಾನ, ಕಾಗದದ ಚಿತ್ರ ಇವಕ್ಕೆ ಬೆಳಕು ಬಿದ್ದಷ್ಟೂ ಬಣ್ಣ ಹೋಗುತ್ತದೆ. ಒಮ್ಮೆ ಹೋದದ್ದು ಮತ್ತೆ ಬರುವುದಿಲ್ಲ. ಅಮ್ಮ ಮದುವೆ ಸೀರೆಯನ್ನು ಬೀರುವಿನಲ್ಲಿ ಬಟ್ಟೆ ಸುತ್ತಿ ಇಡುವುದೂ ಅದಕ್ಕೇ. ಹಾಗೆ ಹೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ಶಾಲು ಮಾತ್ರ ಕೈಯಲ್ಲಿರಲಿ. ಬೇಸಿಗೆಯಲ್ಲೂ ಒಳಗೆ ಚಳಿ ಅನ್ನಿಸಬಹುದು.

ಇನ್ನು "ಬರೀ ಹುಲ್ಲು" ಅನ್ನುವ ಮಾತು. ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಉದ್ಯಾನ ಅಂದರೆ ನಮ್ಮ ಕಣ್ಣಿಗೆ ಕೆಆರ್‌ಎಸ್‌ನ ಬೃಂದಾವನ. ಸಾಲು ಹೂವು, ಕಾರಂಜಿ, ಸಂಜೆ ದೀಪ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಚಾಟ್ಸ್‌ವರ್ತ್‌ನಲ್ಲೂ ನೆಟ್ಟಗೆ ಕತ್ತರಿಸಿದ ಪಾತಿಗಳಿದ್ದವು. 1760ರ ದಶಕದಲ್ಲಿ ಕೇಪಬಿಲಿಟಿ ಬ್ರೌನ್ ಎಂಬ ಉದ್ಯಾನ ವಿನ್ಯಾಸಕ ಬಂದು ಅದರಲ್ಲಿ ಬಹಳಷ್ಟನ್ನು ತೆಗೆಸಿ ಹುಲ್ಲು ಮಾಡಿಸಿದ. ಗುಡ್ಡದ ಮೇಲೆ ಮರ ನೆಡಿಸಿದ. ಡರ್ವೆಂಟ್ ನದಿಯ ನೋಟವನ್ನೂ ತಿದ್ದಿದ. ನೋಡುವವರಿಗೆ ಇದೆಲ್ಲ ದೇವರೇ ಮಾಡಿಟ್ಟದ್ದು ಅನ್ನಿಸಬೇಕು, ಮನುಷ್ಯನ ಕೈ ಕಾಣಬಾರದು. ಅದು ಆತನ ಲೆಕ್ಕ. ಆಮೇಲೆ ಈ ಮನೆಯ ಒಡೆಯನಾಗಿದ್ದ ಆರನೇ ಡ್ಯೂಕ್ ಕಾಲದಲ್ಲಿ ಎದುರಿಗೆ ಕಾಣುತ್ತಿದ್ದ ಎನ್ಸರ್ ಎಂಬ ಹಳ್ಳಿಯನ್ನೇ ಎಬ್ಬಿಸಿ ಆಚೆ ಹೊಸದಾಗಿ ಕಟ್ಟಿಸಿದರು. ಈಗ ಕಾಣುವ ಆ ಸುಂದರ ಹಸಿರಿನ ಹಿಂದೆ ಹೀಗೆ ಜಾಗ ಬಿಟ್ಟುಕೊಟ್ಟವರ ಮನೆಗಳೂ ಇವೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಬಿಡಿ. ಹುಲ್ಲಿನ ಕಡೆ ನೋಡುವ ಕಣ್ಣೇ ಬದಲಾಗುತ್ತದೆ.

ನಿಮ್ಮ ಗಂಡನ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು. ಆದರೆ ಒಂದೊಂದು ಮನೆಗೆ ಒಂದೊಂದು ಉತ್ತರ. ಚಾಟ್ಸ್‌ವರ್ತ್ ಜಾಗವನ್ನು ವಿಲಿಯಂ ಕ್ಯಾವೆಂಡಿಷ್ ಮತ್ತು ಆತನ ಹೆಂಡತಿ ಬೆಸ್ ಕೊಂಡದ್ದು 1549ರಲ್ಲಿ, 600 ಪೌಂಡಿಗೆ. ಆಗ ಈಸ್ಟ್ ಇಂಡಿಯಾ ಕಂಪನಿಯೇ ಹುಟ್ಟಿರಲಿಲ್ಲ. ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡಾಗ ಆ ಕೆಲಸ ನೋಡಿಕೊಂಡ ಅಧಿಕಾರಿಗಳಲ್ಲಿ ವಿಲಿಯಂ ಒಬ್ಬ. ಮುಂದಿನ ಹಣ ಹೆಚ್ಚಾಗಿ ಇಲ್ಲಿನ ಭೂಮಿಯಿಂದ ಮತ್ತು ಗಣಿಗಳಿಂದ ಬಂತು. ಎಕ್ಟನ್ ಎಂಬಲ್ಲಿ ಈ ಮನೆತನದ ತಾಮ್ರದ ಗಣಿ ಇತ್ತು. ಹಾಗಂತ ಭಾರತದ ಜೊತೆ ಸಂಬಂಧವೇ ಇಲ್ಲ ಅಂತಲ್ಲ. 1835ರಲ್ಲಿ ಇಲ್ಲಿನ ತೋಟಗಾರ ಜಾನ್ ಗಿಬ್ಸನ್ ಎಂಬುವನನ್ನು ಗಿಡ ತರಲು ಭಾರತಕ್ಕೆ ಕಳಿಸಿದರು. ಹೊಸ ಗವರ್ನರ್ ಜನರಲ್ ಆಕ್ಲೆಂಡ್ ಬರುತ್ತಿದ್ದ ಹಡಗಿನಲ್ಲೇ ಆತ ಬಂದ. ಖಾಸಿ ಬೆಟ್ಟಗಳಿಂದ ರಾಶಿ ರಾಶಿ ಆರ್ಕಿಡ್ ಹೊತ್ತುಕೊಂಡು ಹೋದ.

ನೇರ ಸಂಬಂಧ ನೋಡಬೇಕು ಅಂದರೆ ವೇಲ್ಸ್‌ನ ಪೋವಿಸ್ ಕೋಟೆಗೆ ಹೋಗಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್. ಟಿಪ್ಪುವಿನ ಡೇರೆ, ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲಿ ಒಂದು, ಇವೆಲ್ಲ ಆ ಕೋಟೆಯಲ್ಲಿವೆ. ನಾನು ಮೊದಲ ಸಲ ಆ ಡೇರೆಯ ಹೂವಿನ ಚಿತ್ತಾರ ನೋಡಿದಾಗ ಮಾತು ಹೊರಡಲಿಲ್ಲ. ನ್ಯಾಷನಲ್ ಟ್ರಸ್ಟ್ 2020ರಲ್ಲಿ ಒಂದು ವರದಿ ತಂದಿತು. ತನ್ನ 93 ಜಾಗಗಳಿಗೆ ವಸಾಹತು ಆಳ್ವಿಕೆ ಅಥವಾ ಗುಲಾಮರ ವ್ಯಾಪಾರದ ನಂಟಿದೆ ಎಂದು ಅದರಲ್ಲಿ ಹೇಳಿದೆ. ನಿಮ್ಮ ಗಂಡ ಓದಲಿ. ಓದಿ ಯಾವ ಮನೆಗೆ ಹೋಗಬೇಕು ಅಂತ ಅವರೇ ಆರಿಸಲಿ. ಪೋವಿಸ್‌ಗೆ ಮಾತ್ರ ಈ ಸಲ ಅಮ್ಮನನ್ನು ಕರೆದೊಯ್ಯಬೇಡಿ. ಅಲ್ಲಿನ ತೋಟ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿದೆ.

ನಿಮ್ಮ ಕಾರ್ಡ್ ಚಾಟ್ಸ್‌ವರ್ತ್‌ನಲ್ಲಿ ನಡೆಯುವುದಿಲ್ಲ. ಹಳೇ ಬಂಗಲೆಗಳೆಲ್ಲ ಸರ್ಕಾರದ್ದು ಅಥವಾ ನ್ಯಾಷನಲ್ ಟ್ರಸ್ಟಿನದು ಅಂತ ಬಹಳ ಜನ ತಿಳಿದಿದ್ದಾರೆ. ಇದು ಬೇರೆ. 1950ರಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇ 80ರಷ್ಟು ತೆರಿಗೆ ಬಿತ್ತು. ಅದನ್ನು ತೀರಿಸಲು ಜಮೀನು, ಚಿತ್ರ ಮಾರಿದರು. ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಮನೆಯನ್ನೇ ಬಿಟ್ಟುಕೊಟ್ಟರು. 1981ರಿಂದ ಚಾಟ್ಸ್‌ವರ್ತ್ ಮನೆಯನ್ನು ಅದರದ್ದೇ ಒಂದು ದತ್ತಿ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಡ್ಯೂಕ್ ಮನೆತನದವರು ಈಗಲೂ ಅಲ್ಲೇ ವಾಸ. ಹಾಗಾಗಿ ಟಿಕೆಟ್ ಬೇರೆ, ದುಬಾರಿಯೂ ಹೌದು.

ಇಷ್ಟೆಲ್ಲ ಇದ್ದೂ ಅಪ್ಪನನ್ನು ಅಲ್ಲಿಗೇ ಕರೆದೊಯ್ಯಿರಿ ಅನ್ನುತ್ತೇನೆ. ಕಾರಣ ಬಾಳೆ.

ಊರಲ್ಲಿ ಅಪ್ಪ ಬೆಳೆಯುವ ಪಚ್ಚಬಾಳೆ, ಈಗ ಎಲ್ಲರೂ ಹಾಕುತ್ತಿರುವ ಜಿ9, ಎರಡೂ ಕ್ಯಾವೆಂಡಿಷ್ ಗುಂಪಿನವು. ಆ ಹೆಸರು ಬಂದದ್ದು ಈ ಮನೆಯಿಂದ. ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್‌ಗೆ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಹೆಡ್ ಗಾರ್ಡನರ್ ಇದ್ದ. ರೈತನ ಮಗ. 1826ರಲ್ಲಿ ಕೆಲಸಕ್ಕೆ ಸೇರಿದಾಗ ವಯಸ್ಸು ಇನ್ನೂ 22. 1830ರ ಸುಮಾರಿಗೆ ಆತನಿಗೆ ಒಂದು ಬಾಳೆಗಿಡ ಸಿಕ್ಕಿತು. ದಕ್ಷಿಣ ಚೀನಾದ ತಳಿ, ಮಾರಿಷಸ್ ಮೂಲಕ ಇಂಗ್ಲೆಂಡಿಗೆ ಬಂದದ್ದು. ಚಳಿಯ ದೇಶದಲ್ಲಿ ಗಾಜಿನ ಮನೆ ಕಟ್ಟಿ, ಬೆಂಕಿಯ ಕಾವು ಕೊಟ್ಟು, ನೀರು ಗೊಬ್ಬರ ಹಾಕಿ ಸಾಕಿದ. 1835ರ ನವೆಂಬರಿನಲ್ಲಿ ಗೊನೆ ಹಾಕಿತು. ಮುಂದಿನ ಮೇ ಹೊತ್ತಿಗೆ ನೂರಕ್ಕಿಂತ ಜಾಸ್ತಿ ಹಣ್ಣು. ತೋಟಗಾರಿಕೆ ಸಂಘದವರು ಪದಕ ಕೊಟ್ಟರು. ಗಿಡಕ್ಕೆ ಯಜಮಾನನ ಮನೆತನದ ಹೆಸರು ಇಟ್ಟರು. ಇಲ್ಲಿಂದ ಹೋದ ಕಂದುಗಳು (ಬುಡದ ಮರಿಗಿಡಗಳು) ಪೆಸಿಫಿಕ್ ದ್ವೀಪಗಳನ್ನೂ ಮುಟ್ಟಿದವು. ಪನಾಮ ರೋಗ ಬಂದು ಗ್ರೋ ಮಿಷೆಲ್ ತಳಿಯ ತೋಟಗಳು ಹಾಳಾದ ಮೇಲೆ ಜಗತ್ತಿನ ರಫ್ತು ಮಾರುಕಟ್ಟೆಗೆ ಕ್ಯಾವೆಂಡಿಷ್ ಬಂತು. ಲೆಸ್ಟರ್‌ನ ಅಂಗಡಿಯಲ್ಲಿ ನೀವು ಕೊಳ್ಳುವ ಬಾಳೆಹಣ್ಣು ಬಹುಪಾಲು ಇದೇ.

ಒಂದು ಎಚ್ಚರ. "ನಮ್ಮ ಪಚ್ಚಬಾಳೆ ಇಂಗ್ಲೆಂಡಿನಿಂದ ಬಂತು" ಅಂತ ಅಪ್ಪನಿಗೆ ಹೇಳಬೇಡಿ. ಅದು ನಿಜವಲ್ಲ. ಗಿಡ ಏಷ್ಯಾದ್ದು, ಹೆಸರು ಮಾತ್ರ ಇಲ್ಲಿಯದು.

ಇಲ್ಲಿನ ಡಿಸ್‌ಪ್ಲೇ ಗ್ರೀನ್‌ಹೌಸ್‌ನಲ್ಲಿ ಕ್ಯಾವೆಂಡಿಷ್ ಬಾಳೆ ಬೆಳೆಸುತ್ತಾರೆ. ಅದು ಎಲ್ಲಾ ದಿನ ತೆರೆದಿರುತ್ತದೆ ಅನ್ನುವ ಹಾಗಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಕೇಳಿ. ನಾನು ಒಮ್ಮೆ ಹಾಸನದ ಕಡೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅರಮನೆಯೊಳಗೆ ಒಂದು ಮಾತೂ ಆಡದ ಮನುಷ್ಯ ಬಾಳೆಗಿಡ ಕಂಡದ್ದೇ ಹತ್ತಿರ ಹೋಗಿ, ಕಂದು ಎಷ್ಟಿದೆ, ಎಲೆ ಯಾಕೆ ಅಂಚಿನಲ್ಲಿ ಒಣಗಿದೆ ಅಂತ ಕೇಳುತ್ತಾ ಅರ್ಧ ಗಂಟೆ ನಿಂತರು. ಸುಸ್ತು ಎಲ್ಲಿ ಹೋಯಿತೋ.

ಬಾಳೆ ನೋಡಿದ ಮೇಲೆ ಮಕ್ಕಳನ್ನು ಚಕ್ರವ್ಯೂಹಕ್ಕೆ ಬಿಡಿ. ಯೂ ಎಂಬ ಮರಗಳ ಬೇಲಿಯ ನಡುವೆ ದಾರಿ ಹುಡುಕುವ ಆಟದ ಜಾಗ ಅದು, 1962ರಲ್ಲಿ 1,209 ಗಿಡ ನೆಟ್ಟು ಮಾಡಿದ್ದು. ಅದು ಇರುವ ಜಾಗ ಮುಖ್ಯ. ಅಲ್ಲೇ ಪ್ಯಾಕ್ಸ್‌ಟನ್‌ನ ದೊಡ್ಡ ಗಾಜಿನ ಮನೆ ಇತ್ತು. 277 ಅಡಿ ಉದ್ದ, 123 ಅಡಿ ಅಗಲ. ಅಂದರೆ ಮುಕ್ಕಾಲು ಎಕರೆ ತೋಟದ ಮೇಲೆ ಗಾಜಿನ ಮಾಡು. 1843ರಲ್ಲಿ ವಿಕ್ಟೋರಿಯಾ ರಾಣಿ ಕುದುರೆ ಗಾಡಿಯಲ್ಲಿ ಕೂತೇ ಅದರೊಳಗೆ ಹೋಗಿ ಬಂದಳು. ಮೊದಲ ಮಹಾಯುದ್ಧದಲ್ಲಿ ಕಾಯಿಸಲು ಕಲ್ಲಿದ್ದಲು ಸಿಗಲಿಲ್ಲ, ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನು ಸಿಡಿಸಿ ಕೆಡವಿದರು. ಇಂಥ ಗಾಜಿನ ಮನೆಗಳಲ್ಲಿ ಕಲಿತದ್ದನ್ನೇ ಇಟ್ಟುಕೊಂಡು ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾಡಿದ. ನಮ್ಮ ಲಾಲ್‌ಬಾಗ್‌ನ ಗಾಜಿನ ಮನೆಗೆ, 1889ರಲ್ಲಿ ಅಡಿಗಲ್ಲು ಹಾಕಿದ್ದು, ಆ ಕ್ರಿಸ್ಟಲ್ ಪ್ಯಾಲೇಸೇ ಮಾದರಿ ಅನ್ನುತ್ತಾರೆ. ಅಮ್ಮ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದರೆ ಈ ಮಾತು ಹೇಳಿ.

ಅಪ್ಪನಿಗೆ ಇನ್ನೊಂದು ಇದೆ. ಮನೆಯ ಮುಂದಿನ ಉದ್ದನೆ ಕೊಳದಲ್ಲಿ ಎಂಪರರ್ ಕಾರಂಜಿ. 1844ರಲ್ಲಿ ರಷ್ಯಾದ ಚಕ್ರವರ್ತಿ ಬರುತ್ತಾನೆ ಅಂತ ಆರೇ ತಿಂಗಳಲ್ಲಿ ಮಾಡಿದ್ದು. ಗುಡ್ಡದ ಮೇಲೆ ಎಂಟು ಎಕರೆ ಕೆರೆ ತೋಡಿದರು, ರಾತ್ರಿಯೂ ಪಂಜು ಹಿಡಿದು ಕೆಲಸ ನಡೆಸಿದರು. ಚಕ್ರವರ್ತಿ ಬರಲೇ ಇಲ್ಲ. ನೀರು 296 ಅಡಿ ಎತ್ತರಕ್ಕೆ ಹಾರಿದ ದಾಖಲೆ ಇದೆ. ಪಂಪ್ ಇಲ್ಲ. ಕೆರೆ ಸುಮಾರು 350 ಅಡಿ ಮೇಲಿದೆ, ಪೈಪಿನಲ್ಲಿ ಇಳಿದ ನೀರಿನ ಒತ್ತಡವೇ ಅದನ್ನು ಎಬ್ಬಿಸುತ್ತದೆ. ಸೂಳೆಕೆರೆ ತೂಬಿನ ನೀರು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಿನವಿಡೀ ಪೂರ್ತಿ ಎತ್ತರಕ್ಕೆ ಹಾರುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಕ್ಯಾಸ್ಕೇಡ್ ಕೂಡ ಹಾಗೇ, ಮುನ್ನೂರು ವರ್ಷದ ಕಟ್ಟಡ, ಈಚೆಗೆ ದುರಸ್ತಿಯ ಕಾರಣಕ್ಕೆ ಒಣಗಿರುವುದುಂಟು. ಮಕ್ಕಳಿಗೆ ತಾಮ್ರದ ವಿಲೋ ಮರ ತೋರಿಸಿ. ಕೊಂಬೆಗಳಿಂದ ತಟ್ಟನೆ ನೀರು ಚಿಮ್ಮುತ್ತದೆ. 13 ವರ್ಷದ ವಿಕ್ಟೋರಿಯಾ ಕೂಡ ಇದನ್ನು ನೋಡಿ ಖುಷಿಪಟ್ಟಿದ್ದಳು. ಒಂದು ಜೊತೆ ಒಣ ಬಟ್ಟೆ ಇಟ್ಟುಕೊಳ್ಳಿ.

ಈಗ ಯಾವ ಟಿಕೆಟ್ ಅನ್ನುವುದು. ಮನೆ ಮತ್ತು ತೋಟ ಎರಡನ್ನೂ ಒಂದೇ ದಿನ ನೋಡಬಹುದು. ಆದರೆ ಮನೆಯೊಳಗೆ ಮಹಡಿ ಹತ್ತಿ ಇಳಿಯಬೇಕು. ಲಿಫ್ಟ್ ಇದೆ, ಮುಂಚೆ ಹೇಳಿಟ್ಟರೆ ಒಳ್ಳೆಯದು. ಮೊದಲು ಮನೆಗೆ ಹೋದರೆ ಅಮ್ಮನ ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ. ಹೋದ ತಿಂಗಳು ಆದದ್ದು ಅದೇ ಇರಬೇಕು. ನನ್ನ ಮಾತು ಕೇಳುವುದಾದರೆ ಈ ಸಲ ತೋಟದ ಟಿಕೆಟ್ ಮಾತ್ರ ತೆಗೆದುಕೊಳ್ಳಿ. ಇದರಲ್ಲೂ ತೊಂದರೆ ಇಲ್ಲದಿಲ್ಲ. ಮಳೆ ಹಿಡಿದರೆ ಒಳಗೆ ಹೋಗಿ ನಿಲ್ಲಲು ಜಾಗ ಕಡಿಮೆ. ಗುಡ್ಡದ ಕಡೆ ಏರು ಜಾಸ್ತಿ. ಅಮ್ಮ ಕೊಳದ ಆಸುಪಾಸಿನ ಸಮತಟ್ಟಿನಲ್ಲೇ ಇರಲಿ, ಮೇಲಕ್ಕೆ ಮಕ್ಕಳು ಮತ್ತು ನೀವು ಹೋಗಿ ಬನ್ನಿ. ವೀಲ್‌ಚೇರ್ ಬೇಕಾ ಅಂತ ಅವರನ್ನೇ ಕೇಳಿ, ನೀವೇ ನಿರ್ಧರಿಸಬೇಡಿ. ಊರವರು ನೋಡಿದರೆ ಏನಂದಾರು ಅನ್ನುವ ಸಂಕೋಚ ಅವರಿಗೆ ಇರಬಹುದು. ಮಡಚುವ ಒಂದು ಚಿಕ್ಕ ಕುರ್ಚಿ ಒಯ್ದರೆ ಆ ಮಾತೇ ಬರುವುದಿಲ್ಲ.

ದುಡ್ಡೇ ಕಷ್ಟ ಅಂದರೆ ಸುತ್ತಲಿನ ಪಾರ್ಕ್‌ನಲ್ಲಿ ನಡೆಯಲು ಟಿಕೆಟ್ ಇಲ್ಲ, ಕಾರ್ ನಿಲ್ಲಿಸಲು ಮಾತ್ರ ಕೊಡಬೇಕು. ನದಿ, ಜಿಂಕೆ, ಕುರಿ, ಸೇತುವೆ ಮೇಲಿಂದ ಕಾಣುವ ಅರಮನೆ ಎಲ್ಲಾ ಸಿಗುತ್ತದೆ. ಬಾಳೆ ಸಿಗುವುದಿಲ್ಲ. ನಿಮ್ಮ ಕಾರ್ಡೇ ಬಳಸಬೇಕು ಅಂದರೆ ಡರ್ಬಿ ಹತ್ತಿರದ ಕೆಡ್ಲ್‌ಸ್ಟನ್ ಹಾಲ್ ಇದೆ, ನಿಮಗೆ ದೂರವೂ ಕಡಿಮೆ. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಕರ್ಜನ್‌ನ ಮನೆ. ಕಲ್ಕತ್ತೆಯ ರಾಜ್ಯಪಾಲರ ನಿವಾಸಕ್ಕೆ ಇದೇ ಮಾದರಿ. ಕರ್ಜನ್ ನಮ್ಮ ಕಡೆಯಿಂದ ತಂದ ವಸ್ತುಗಳು ಕೆಳಗಿನ ಕೋಣೆಗಳಲ್ಲಿವೆ. ನಿಮ್ಮ ಗಂಡನಿಗೆ ಅಲ್ಲಿ ಮಾತಾಡಲು ಬೇಕಾದಷ್ಟು ಸಿಗುತ್ತದೆ. ಅಪ್ಪನಿಗೆ ಮಾತ್ರ ಮತ್ತೆ ಹುಲ್ಲೇ ಕಾಣುತ್ತದೆ.

ಬುತ್ತಿ ಧಾರಾಳವಾಗಿ ಒಯ್ಯಿರಿ. ಚಾಟ್ಸ್‌ವರ್ತ್ ತೋಟದಲ್ಲಿ ಹುಲ್ಲಿನ ಮೇಲೆ ಕೂತು ಊಟ ಮಾಡಬಹುದು. ಒಲೆ ಹಚ್ಚುವಂತಿಲ್ಲ ಅಷ್ಟೇ. ಹುಲ್ಲಿನ ಮೇಲೆ ಕಾಲಿಟ್ಟರೆ ಯಾರಾದರೂ ಸೀಟಿ ಊದುತ್ತಾರೆ ಅನ್ನುವ ಭಯ ನಮ್ಮ ಹಿರಿಯರಿಗೆ ಜಾಸ್ತಿ. ಇಲ್ಲಿ ಹಾಗಿಲ್ಲ, ಮೊದಲೇ ಹೇಳಿ. ಪುಳಿಯೋಗರೆ ಅಥವಾ ಚಪಾತಿ ಪಲ್ಯ ಒಳ್ಳೆಯದು, ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೂ ಚೆನ್ನಾಗಿರುತ್ತದೆ. ಫ್ಲಾಸ್ಕ್‌ನಲ್ಲಿ ಕಾಫಿ ಇರಲಿ. ಹೊರಗಿನ ಕಾಫಿ ಅವರಿಗೆ ಹಿಡಿಸುವುದು ಕಷ್ಟ. ಸಂದರ್ಶಕರ ನಾಯಿಗಳನ್ನು ಹಗ್ಗ ಹಾಕಿ ತೋಟದೊಳಗೆ ಬಿಡುತ್ತಾರೆ. ಅಮ್ಮನಿಗೆ ನಾಯಿ ಭಯ ಇದ್ದರೆ ದಾರಿಯ ಪಕ್ಕ ಬಿಟ್ಟು ಸ್ವಲ್ಪ ಒಳಗೆ ಕೂರಿಸಿ.

ಶನಿವಾರ, ಭಾನುವಾರ ಬೇಡ. ಶಾಲೆಗೆ ರಜೆ ಇರುವ ಒಂದು ವಾರದ ದಿನ, ಬೆಳಿಗ್ಗೆ ಎಂಟೂವರೆಗೆ ಹೊರಟರೆ ಹತ್ತರ ಹೊತ್ತಿಗೆ ತಲುಪುತ್ತೀರಿ. ಮೊದಲು ಒಂದು ಬೆಂಚಿನಲ್ಲಿ ಕೂತು ಕಾಫಿ. ಆಮೇಲೆ ಬಾಳೆ, ಚಕ್ರವ್ಯೂಹ. ಊಟ. ಊಟದ ಮೇಲೆ ಅಪ್ಪ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಮಲಗಿದರೆ ಎಬ್ಬಿಸಬೇಡಿ. ಎದ್ದ ಮೇಲೆ ಕಾರಂಜಿ ನೋಡಿ, ಮೂರೂವರೆಗೆ ಹೊರಡಿ. ನೋಡದೆ ಬಿಟ್ಟದ್ದು ಬಹಳ ಇರುತ್ತದೆ, ಇರಲಿ. ಮತ್ತೆ ಹುಲ್ಲು ಮಧ್ಯಾಹ್ನದವರೆಗೂ ಒದ್ದೆ ಇರುತ್ತದೆ. ಅಮ್ಮನಿಗೆ ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿಸಿ, ಸೀರೆ ಒಂದು ಗೇಣು ಮೇಲಕ್ಕೆ ಉಡಲು ಹೇಳಿ.